ಕಾಲುಂಗುರ ಇಲ್ಲದ ಬಳೆಗಾರ್ತಿ

ಮೊನ್ನೆ ಮೊಬೈಲ್ ಕವರ್ ತರಲೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಪಕ್ಕದ ಚಪ್ಪಲಿ ಅಂಗಡಿಯವನು ಆಗತಾನೇ ಹೊಸ ಮಾಲಿನ ಪೆಟ್ಟಿಗೆ ಬಿಚ್ಚಿದ್ದ. ಕಪ್ಪು ರಬ್ಬರಿನ ವಾಸನೆ ರಸ್ತೆಯ ತನಕ ಬಂತು. ಸಕ್ಕರೆ ಕಾಯಿಲೆಯವರು ಹಾಕಿಕೊಳ್ಳುತ್ತಾರಲ್ಲ, ಮೆತ್ತನೆಯ ಅಟ್ಟೆಯ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಅದರದು. ಹೊಸ ಫೋನಿನ ಡಬ್ಬಿ ಬಿಚ್ಚಿದಾಗ ಬರುವ ವಾಸನೆಗಿಂತ ದೊಡ್ಡ ಪರಿಮಳ ಜಗತ್ತಿನಲ್ಲಿಲ್ಲ ಎಂದು ನಂಬಿರುವ ನಾನು, ಆ ರಬ್ಬರಿನ ವಾಸನೆಗೆ ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದು, ನನ್ನ ಮನೆತನದ ಬಗ್ಗೆ ಎರಡು ಒಳ್ಳೆಯ ಮಾತಾಡಿಯೇ ಮುಂದೆ ಹೋದ.

ನೆನಪಾಗಿದ್ದು ಬಳೆ ಅಂಗಡಿ ದೊಡ್ಡವ್ವ.

ದೊಡ್ಡವ್ವ ಎಂದರೆ ರಕ್ತ ಸಂಬಂಧವೇನಲ್ಲ. ಕೊಟ್ಟೂರಿನಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿ, ಅದರ ಪಕ್ಕಕ್ಕೆ ಅವಳ ಬಳೆ ಅಂಗಡಿ. ನಡುವೆ ಒಂದು ತಗಡಿನ ಗೋಡೆ. ನಾನು ಪಿಯುಸಿಯನ್ನು ಎರಡು ಸಲ ಓದಿ, ಎರಡು ಸಲವೂ ಅದು ನನ್ನನ್ನು ಒಪ್ಪದೆ ಹೋದ ಮೇಲೆ ಅಪ್ಪ ಈ ಅಂಗಡಿ ಹಾಕಿಕೊಟ್ಟ. ರಿಪೇರಿಗಿಂತ ನನ್ನ ಮಿಮಿಕ್ರಿಗೇ ಗಿರಾಕಿಗಳು ಹೆಚ್ಚು. ಬಸ್ ಕಂಡಕ್ಟರ್, ಬ್ಯಾಂಕಿನ ಕ್ಯಾಷಿಯರ್, ನಮ್ಮಪ್ಪ ಕೆಮ್ಮುವುದು, ನಮ್ಮಪ್ಪ ಕೆಮ್ಮಿದ ಮೇಲೆ ನಮ್ಮವ್ವ ಬೈಯುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ದೊಡ್ಡವ್ವನ ದನಿಯಂತೂ ಬಂದ ಮೊದಲ ವಾರವೇ ಸಿಕ್ಕಿಬಿಟ್ಟಿತು. "ಕೈ ಸಡಿಲ ಬಿಡವ್ವಾ, ಬಳಿ ಮುರಿದ್ರ ನನ್ನ ಕೇಳಬ್ಯಾಡ" ಎಂದು ನಾನು ಈ ಕಡೆಯಿಂದ ಕೂಗಿದರೆ, ಆ ಕಡೆ ಬಳೆ ಇಡಿಸಿಕೊಳ್ಳುವ ಹೆಂಗಸರು ಕೈ ಸಡಿಲ ಬಿಡುತ್ತಿದ್ದರು. ದೊಡ್ಡವ್ವ ತಗಡಿಗೆ ಗುದ್ದುತ್ತಿದ್ದಳು. "ಲೇ, ನನ್ನ ಬಾಯಿ ನನಗ ಬಿಡಲೇ. ನಿನಗ ಭಗವಂತ ಬ್ಯಾರೆ ಕೊಟ್ಟಾನ."

ಅವಳ ಗಂಡ, ನಾನು ದೊಡ್ಡಪ್ಪ ಅನ್ನುತ್ತಿದ್ದವರು, ಬಳೆ ಸರಗಳ ಹೊರೆ, ಅದೇ ಮಲಾರ, ಹೊತ್ತು ಕೂಡ್ಲಿಗಿ, ಹಡಗಲಿಯ ಸಂತೆಗಳಿಗೆ ಹೋಗಿ ಬರುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಆದರೆ ಆಡಿದ ಒಂದು ಮಾತಿಗೆ ನನ್ನ ಇಡೀ ದಿನದ ಮಿಮಿಕ್ರಿ ತಣ್ಣಗಾಗುತ್ತಿತ್ತು.

ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದಳು, ಚಹಾಕ್ಕೆ ಸಕ್ಕರೆ ಬಿಟ್ಟಿದ್ದಳು, ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದಳು. ಆ ಕಾಯಿಲೆ ಕಾಲಿಗೆ ಬರುತ್ತದೆ ಎಂದು ಗೊತ್ತಾಗಿದ್ದು ಕುಂಕುಮದಿಂದ.

ಅಂಗಡಿಯಲ್ಲಿ ಬಿಡಿ ಕುಂಕುಮವನ್ನೂ ಮಾರುತ್ತಿದ್ದಳು. ತೂಗುವಾಗ ಚೆಲ್ಲುವುದು, ಚಾಪೆ ಕೆಂಪಾಗುವುದು ದಿನದ ಮಾತು. ಒಂದು ದಿನ ಚಾಪೆಯ ಮೇಲೆ ಕೆಂಪು ಕಂಡಳು, ಒರೆಸಿದಳು. ಮರುದಿನವೂ ಅಷ್ಟೇ. ಡಬ್ಬಿ ತೂತಾಗಿದೆಯೇನೋ ಎಂದು ತಿರುಗಿಸಿ ನೋಡಿ, ಕುಂಕುಮವನ್ನೆಲ್ಲ ಬೇರೆ ಡಬ್ಬಿಗೆ ಹಾಕಿದಳು. ಸಂತೆಯಿಂದ ಬಂದ ದೊಡ್ಡಪ್ಪ ಚಾಪೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. "ಕುಂಕುಮ ಒಣಗಿದ್ರ ಕಪ್ಪಾಗಂಗಿಲ್ಲ. ಕಾಲು ತೋರ್ಸು" ಎಂದರು.

ಎಡಗಾಲಿನ ಎರಡನೆಯ ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಕಾಲುಂಗುರ ಮಾಂಸದೊಳಗೆ ಹೂತು ಹೋಗಿತ್ತು. ಅದರ ಅಡಿಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ನೋಡಿದ ನನಗೆ ಬೆವರು ಕಿತ್ತುಕೊಂಡಿತು. ಅವಳಿಗೆ ಇರುವೆ ಕಚ್ಚಿದಷ್ಟೂ ನೋವಿರಲಿಲ್ಲ. ನೋವು ಇಲ್ಲದ್ದಕ್ಕೆ ಅವಳಿಗೆ ಸಮಾಧಾನ. ಅದನ್ನೇ ಕೇಳಿ ದವಾಖಾನೆಯ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರಂತೆ. ಸಕ್ಕರೆಯಿಂದ ಪಾದದ ನರ ಸತ್ತಿವೆ, ಉಂಗುರ ಇವತ್ತೇ ಹೊರಗೆ ಬರಬೇಕು, ಎಳೆಯಬೇಡಿ, ಕತ್ತರಿಸಿಕೊಂಡೇ ಬನ್ನಿ, ತಡ ಮಾಡಿದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ... ಎಂದು ಹೇಳಿ ಕಳಿಸಿದರು.

ಗಂಡ ಹೆಂಡತಿ ಇಬ್ಬರೂ ನೇರ ಬೆಳ್ಳಿ ಬಂಗಾರದ ಕೆಲಸದ ಪತ್ತಾರರ ಅಂಗಡಿಗೆ ಹೋದರು. ಪತ್ತಾರರು ಎದುರಿಗೆ ನಿಂತ ದೊಡ್ಡಪ್ಪನನ್ನು ಒಮ್ಮೆ, ಉಂಗುರವನ್ನು ಒಮ್ಮೆ ನೋಡಿ ಇಕ್ಕಳ ಕೆಳಗಿಟ್ಟರಂತೆ. "ಯಜಮಾನ್ರು ಗಟ್ಟಿಯಾಗಿ ಮುಂದ ನಿಂತಾಗ ಮುತ್ತೈದಿ ಕಾಲುಂಗ್ರ ಕತ್ತರಿಸ್ಲಾ? ನನ್ನ ಮನ್ಯಾಗೂ ಹೆಂಡ್ರು ಮಕ್ಕಳು ಅದಾರವ್ವ" ಎಂದರಂತೆ.

ದೊಡ್ಡವ್ವ ಅಲ್ಲಿಂದ ನನ್ನ ಅಂಗಡಿಗೆ ಬಂದಳು, ಹಿಂದೆ ದೊಡ್ಡಪ್ಪ. ಬಂದವಳೇ ಗಿರಾಕಿಯ ಸ್ಟೂಲಿನ ಮೇಲೆ ಕೂತು, ಕಾಲನ್ನು ನನ್ನ ರಿಪೇರಿ ಮೇಜಿನ ಮೇಲೆ, ಬಿಚ್ಚಿಟ್ಟ ಒಂದು ಫೋನಿನ ಪಕ್ಕ ಇಟ್ಟಳು.

"ವೈರ್ ಕತ್ತರ್ಸೋ ಕಟ್ಟರ್ ಐತಿಲ್ಲೋ? ಕತ್ತರ್ಸು."

ಊರಿನ ಯಾವ ದೊಡ್ಡ ಮನುಷ್ಯನನ್ನೂ ಆಡಿಕೊಳ್ಳದೆ ಬಿಡದ ಶೂರ ನಾನು. ಕಟ್ಟರ್ ಕೈಗೆ ತೆಗೆದುಕೊಂಡೆ. ಪಕ್ಕದಲ್ಲಿ ದೊಡ್ಡಪ್ಪ ನಿಂತಿದ್ದಾರೆ, ಉಸಿರಾಡುತ್ತಿದ್ದಾರೆ, ಅವರ ಉಸಿರು ನನಗೆ ಕೇಳಿಸುತ್ತಿದೆ. ನಾನು ಬೆಳ್ಳಿ ಕತ್ತರಿಸುವುದಕ್ಕೂ ಆ ಉಸಿರಿಗೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳುತ್ತಿದೆ. ಆದರೆ ಕೈ ಎಲ್ಲಿ ಕೇಳುತ್ತದೆ? ಮೂರು ಸಲ ಕಟ್ಟರನ್ನು ಉಂಗುರದ ತನಕ ಒಯ್ದು, ಮೂರು ಸಲವೂ ವಾಪಸ್ ತಂದಿತು. ಅದನ್ನು ಮಿಮಿಕ್ರಿ ಎಂದುಕೊಂಡು ಅಲ್ಲಿದ್ದ ಒಬ್ಬ ಗಿರಾಕಿ ನಕ್ಕ ಬೇರೆ.

ದೊಡ್ಡಪ್ಪ ನನ್ನ ಕೈಯಿಂದ ಕಟ್ಟರ್ ತೆಗೆದುಕೊಂಡರು.

"ಇಲ್ಲಿ ಕೊಡಪ್ಪ. ನನ್ನ ಆಯುಷ್ಯ ನಾನೇ ಕತ್ತರಿಸ್ಕೊಂತೀನಿ."

ಮೆಲ್ಲಗೆ ಕತ್ತರಿಸಿದರು. ಎಲ್ಲೂ ಸೀಳಿಲ್ಲದ ಗಟ್ಟಿ ಉಂಗುರ ಅದು, ಟಕ್ ಎಂದು ಬಿಟ್ಟಿತು. ಆಮೇಲೆ ತಾವೇ ಆಚೆ ಕಾಲಿನದನ್ನೂ ತೆಗೆದರು. ಮುಗಿದ ಮೇಲೆ ತಮ್ಮ ನಾಡಿ ಹಿಡಿದು ನೋಡಿಕೊಂಡು, "ನಡೀತೈತಿ" ಎಂದರು. ದೊಡ್ಡವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು... ಬೆರಳು ನೋವಿಲ್ಲದ್ದು, ಆದರೂ ಕಣ್ಣಲ್ಲಿ ನೀರಿತ್ತು.

ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಡ್ರೆಸ್ಸಿಂಗಿಗೆ ದವಾಖಾನೆ, ಅಲ್ಲಿಂದ ಅಂಗಡಿ. ಉಗುರು ಹೋಯಿತು, ಬೆರಳು ಉಳಿಯಿತು. ಬೆರಳು ಉಳಿದದ್ದನ್ನು ನೋಡಿ ಸಂತೋಷಪಟ್ಟವರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು. ಉಂಗುರ ಹೋದದ್ದನ್ನು ಮಾತ್ರ ಇಡೀ ಊರು ನೋಡಿತು.

ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅವಳ ಬರಿ ಬೆರಳು ಕಂಡರು. ಕಂಡವರು ಕೇಳಬೇಕೋ ಬೇಡವೋ? ಕೇಳದೆ ಹರಪನಹಳ್ಳಿಯ ನೆಂಟರಿಗೆ ಫೋನ್ ಹಚ್ಚಿದರು. ಮಧ್ಯಾಹ್ನ ಒಂದು ಟೆಂಪೋ ಬಂದು ನಿಂತಿತು. ಅದರೊಳಗಿಂದ ದೊಡ್ಡಪ್ಪನ ತಂಗಿ, ಮತ್ತಿಬ್ಬರು ಹೆಂಗಸರು ಎದೆ ಎದೆ ಬಡಿದುಕೊಳ್ಳುತ್ತ ಇಳಿದರು. ದೊಡ್ಡಪ್ಪ ಅಂಗಡಿ ಮುಂದೆ ಕಾಗದದಲ್ಲಿ ಮಂಡಕ್ಕಿ ಮೆಣಸಿನಕಾಯಿ ಹಿಡಿದುಕೊಂಡು ಕೂತಿದ್ದರು. ತಂಗಿ ಅಳುತ್ತ ಅವರನ್ನೇ ದಾಟಿ ಒಳಗೆ ಹೋದಳು.

"ಯಾರು ಹೋದ್ರವ್ವ?" ಎಂದು ಇವರು ಕೇಳಿದರು.

"ನೀನೋ ಯಣ್ಣಾ..." ಎಂದು ರಾಗ ಎಳೆದವಳು, ತಿರುಗಿ ನೋಡಿ, ರಾಗವನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಅರ್ಧಕ್ಕೆ ಬಿಟ್ಟಳು. ದೊಡ್ಡಪ್ಪ ಮಂಡಕ್ಕಿ ಮುಂದೆ ಚಾಚಿ, "ಬಂದೀರಿ, ನನ್ನ ತಿಥಿ ಊಟ ಮಾಡ್ರಿ" ಎಂದರು. ಈ ಪ್ರಸಂಗವನ್ನು ನಾನು ಮುಂದೆ ಗಣೇಶನ ಪೆಂಡಾಲಿನಲ್ಲಿ ನಾಲ್ಕೂ ದನಿಯಲ್ಲಿ ಆಡಿ ತೋರಿಸಿದೆ. ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ದೊಡ್ಡಪ್ಪನೇ.

ನಗುವಂಥದ್ದು ಅಲ್ಲಿಗೆ ಮುಗಿಯಿತು. ಕೋಗಳಿಯ ಒಂದು ಮನೆತನದವರು ಮದುವೆಗೆ ಬಳೆ ಇಡಿಸಲು ಪ್ರತಿ ಸಲ ದೊಡ್ಡವ್ವನನ್ನೇ ಕರೆಯುತ್ತಿದ್ದರು. ಆ ಸಲ ಮದುಮಗಳ ಅತ್ತೆ ಅಂಗಡಿಗೆ ಬಂದು, ಅವಳ ಕಾಲು ನೋಡಿ, ಹಸಿರು ಬಳೆಗಳನ್ನು ತಿರುಗಿ ಗೂಡಿನಲ್ಲಿಟ್ಟಳು. "ಮದುವಿ ಕೆಲ್ಸ ಅಕ್ಕಾ... ಬರಿಗಾಲಿನಾಕಿ ಕೈಲೆ ಹೆಂಗ ಇಡಸೋದು?" ಹೀಗೆ ಒಬ್ಬೊಬ್ಬರೇ ಆಚೆ ಸರಿದರು. ಮದುವೆ, ಸೀಮಂತ, ಹಬ್ಬ ಇವು ಬಳೆ ವ್ಯಾಪಾರದ ಬೆನ್ನೆಲುಬು. ಅದೇ ಕಳಚಿ ಬೀಳುತ್ತಿತ್ತು.

ನನ್ನ ತಲೆಗೆ ಒಂದು ಉಪಾಯ ಬಂತು. ನನ್ನ ತಲೆಗೆ ಬರುವ ಉಪಾಯಗಳ ಗುಣಮಟ್ಟ ನಿಮಗೆ ಪಿಯುಸಿಯ ವಿಷಯದಲ್ಲೇ ಗೊತ್ತಾಗಿದೆ. "ದೊಡ್ಡವ್ವ, ಬೆಳ್ಳಿ ಬಣ್ಣದ ಟೇಪ್ ಐತಿ ನನ್ನತ್ರ. ಗಿರಾಕಿ ಬಂದಾಗ ಬೆರಳಿಗೆ ಸುತ್ತಿಬಿಡ್ಲಾ? ಯಾರಪ್ಪಗೂ ಗೊತ್ತಾಗಂಗಿಲ್ಲ."

ಅವಳು ಕೋಪಿಸಿಕೊಳ್ಳಲಿಲ್ಲ. ಅದಕ್ಕೇ ನನಗೆ ಹೆದರಿಕೆ ಆಯಿತು. "ಈ ಕಾಲು ನನಗ ಸುಳ್ಳು ಹೇಳ್ತೈತಲೇ. ಗಾಯ ಆದ್ರೂ ಏನೂ ಆಗಿಲ್ಲ ಅಂತೈತಿ. ಇದರ ಜೋಡಿ ಸೇರಿ ನಾನೂ ಊರಿಗೆ ಸುಳ್ಳು ಹೇಳ್ಲಾ? ಅವರಿಗೆ ಬೇಕಂದ್ರ ಬರ್ತಾರ. ಇಲ್ಲಂದ್ರ ಅವರ ಕೈ ಬರಿದಿರ್ಲಿ, ನನ್ನ ಬೆರಳು ನನಗಿರ್ಲಿ."

ಅಂದಿನಿಂದ ಅವಳು ಕಾಲಿನ ಆರೈಕೆಯನ್ನು ಮುಚ್ಚಿ ಮಾಡಲಿಲ್ಲ. ಬೇಕಂತಲೇ ಅಂಗಡಿಯ ಬಾಗಿಲಲ್ಲಿ, ಹೋಗಿ ಬರುವವರ ಕಣ್ಣೆದುರಿಗೆ ಮಾಡಿದಳು. ಬೆಳಿಗ್ಗೆ ಶಟರ್ ಎತ್ತಿ ಮೊದಲು ಬಕೆಟ್ ಇಡುತ್ತಿದ್ದಳು. ಉಗುರುಬೆಚ್ಚಗಿನ ನೀರು. ಕಾಲನ್ನು ನಂಬುವ ಹಾಗಿಲ್ಲವಾದ್ದರಿಂದ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಳು. ಪಾದ ತೊಳೆದು, ದೊಡ್ಡಪ್ಪನ ಹಳೇ ಪಂಚೆಯ ತುಂಡಿನಿಂದ ಬೆರಳ ಸಂದು ಸಂದಿನಲ್ಲೂ ಒರೆಸುತ್ತಿದ್ದಳು, ಕೂಸಿನ ಕಿವಿ ಒರೆಸಿದ ಹಾಗೆ. ಕೊಬ್ಬರಿ ಎಣ್ಣೆ ಅಂಗಾಲಿಗೆ, ಹಿಮ್ಮಡಿಗೆ. ಸಂದುಗಳಿಗೆ ಮಾತ್ರ ಹಚ್ಚುತ್ತಿರಲಿಲ್ಲ, ಅಲ್ಲಿ ಹಸಿ ಉಳಿದರೆ ಹುಣ್ಣಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಆಮೇಲೆ ಕನ್ನಡಿ. ಮದುಮಕ್ಕಳು ಮುಖ ನೋಡಿಕೊಳ್ಳುವ ಅಂಗಡಿಯ ಕೈಗನ್ನಡಿಯನ್ನೇ ನೆಲಕ್ಕಿಟ್ಟು, ಅದರಲ್ಲಿ ತನ್ನ ಅಂಗಾಲು ನೋಡಿಕೊಳ್ಳುತ್ತಿದ್ದಳು. ಎದುರಿನವರಿಗೆ ಅಂಗಾಲು ತೋರಿಸಿದರೆ ಅವಮಾನ ಅನ್ನುವ ಊರು ನಮ್ಮದು. ಎದುರಿನ ಹೋಟೆಲಿನವನು ಬೋಣಿಯ ಹೊತ್ತಿಗೆ ದಿನಾ ಅಂಗಾಲಿನ ದರ್ಶನವಾಗುತ್ತದೆ ಎಂದು ಗೊಣಗಿದ. "ಮುಖ ಬೇಕಾದ್ರ ಹತ್ತು ಗಂಟಿ ಮ್ಯಾಲೆ ಬಾ, ತೋರಿಸ್ತೀನಿ" ಎಂದಳು.

ಕೊನೆಗೆ ಆ ಕಪ್ಪು ರಬ್ಬರ್ ಚಪ್ಪಲಿ. ಎರಡನ್ನೂ ಬೋರಲು ಮಾಡಿ ಹೊಸ್ತಿಲಿಗೆ ಬಡಿದು, ಒಳಗೆ ಕೈಯಾಡಿಸಿ, ಕಲ್ಲು ಮುಳ್ಳು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಹಾಕಿಕೊಳ್ಳುತ್ತಿದ್ದಳು. ಹಾಕಿಕೊಂಡರೆ ಮುಗಿಯಿತು, ಲಕ್ಷ್ಮಿಯ ಪಟದ ಮುಂದೆಯೂ ಬಿಡುತ್ತಿರಲಿಲ್ಲ. ಚಪ್ಪಲಿಯೊಳಗೆ ಬಿಳಿ ಸಾಕ್ಸ್. ಇಳಕಲ್ ಸೀರೆ, ಬಿಳಿ ಸಾಕ್ಸ್! ನಾನು ಅವಳನ್ನು ಅಂಪೈರ್ ಎಂದು ಕರೆದೆ, ಎರಡು ಕೈ ಮೇಲೆತ್ತಿ ಸಿಕ್ಸರ್ ಕೊಟ್ಟೆ. "ನಗು ನಗು. ಕುಂಕುಮ ಯಾವ್ದು, ರಕ್ತ ಯಾವ್ದು ಅಂತ ಈ ಸಾಕ್ಸ್ ಹೇಳ್ತೈತಿ. ನಿನ್ನ ಮಾರಿಗೂ ಒಂದು ಹಾಕ್ಕೊ, ಊರಿಗೆ ಉಪಕಾರ ಆಗ್ತೈತಿ" ಎಂದಳು.

ಅದು ಸುಮ್ಮನೆ ಮಾಡುವ ಶಾಸ್ತ್ರವಲ್ಲ ಎಂದು ನನಗೆ ತಿಳಿದದ್ದು ಒಂದು ಸಂಜೆ. ಗುಡೇಕೋಟೆಯ ಕಡೆ ಯಾರದೋ ಹೊಲದಲ್ಲಿ ಊಟಕ್ಕೆ ಹೋಗಿ ಬಂದಿದ್ದಳು. ದಿನವಿಡೀ ಓಡಾಡಿ, ಬಂದು ನನ್ನ ಜೊತೆ ಜಗಳವಾಡಿ, ಸಂಜೆ ಮತ್ತೊಮ್ಮೆ ಕಾಲು ನೋಡಿಕೊಳ್ಳಲು ಕೂತಾಗ ಚಪ್ಪಲಿ ಕಾಲಿನಿಂದ ಬಿಡಿಸಲು ಬರಲಿಲ್ಲ. ಬಳ್ಳಾರಿ ಜಾಲಿಯ ಉದ್ದದ ಮುಳ್ಳು ಅಟ್ಟೆಯನ್ನು ತೂರಿ ಅವಳ ಅಂಗಾಲಿಗೆ ನೆಟ್ಟಿತ್ತು. ಮೊಳೆ ಹೊಡೆದ ಹಾಗೆ ಚಪ್ಪಲಿ ಪಾದಕ್ಕೆ ಅಂಟಿತ್ತು. ಅವಳು ಅದರ ಮೇಲೆಯೇ ನಡೆದಿದ್ದಳು. ಸಾಕ್ಸ್ ಕೆಂಪಾಗಿತ್ತು. ನನ್ನ ಬೈಕಿನಲ್ಲಿ ಆಗಲೇ ದವಾಖಾನೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಒಂದು ಜೋಕೂ ಹೊಳೆಯಲಿಲ್ಲ. ಹಿಂದಿನಿಂದ ಅವಳೇ ಹೇಳಿದಳು: "ನೋಡ್ದೇನು? ಇವತ್ತು ನೋಡ್ಕೊಂಡಿಲ್ಲ ಅಂದ್ರ ನಾಳೆನೂ ಗೊತ್ತಾಗ್ತಿರ್ಲಿಲ್ಲ. ಸುಳ್ಳುಬುರುಕ ಕಾಲು ಇದು. ದಿನಾ ಹಿಡ್ಕೊಂಡು ಕೇಳ್ಬೇಕು."

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ದೊಡ್ಡಪ್ಪ ಹೋದರು. ಹಡಗಲಿ ಸಂತೆಯಿಂದ ಬಂದು ಮಲಾರ ಇಳಿಸಿ, ನೀರು ಕೇಳಿ, ನೀರು ಬರುವ ಮುಂಚೆ... ಎದೆ ಹಿಡಿದುಕೊಂಡರು, ಅಷ್ಟೇ.

ಊರು ಇದಕ್ಕೇ ಕಾದಿತ್ತೇನೋ ಅನ್ನಿಸಿತು ನನಗೆ. ಹೆಣ ಇನ್ನೂ ಮನೆಯಲ್ಲಿರುವಾಗಲೇ ಓಣಿಯ ಒಬ್ಬ ಹಿರಿಯಾಕೆ, ಅವಳೂ ಗಂಡನನ್ನು ಕಳೆದುಕೊಂಡವಳೇ, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಉಂಗ್ರ ಕತ್ತರಿಸಿದ ದಿನಾನೇ ನಾನು ಅಂದಿದ್ದೆ."

ದೊಡ್ಡವ್ವ ಗಂಡನ ತಲೆಯ ಹತ್ತಿರ ಕೂತಿದ್ದಳು. ತಲೆ ಎತ್ತಿದಳು. "ನಿನ್ನ ಗಂಡ ಹೋದಾಗ ನಿನ್ನ ಬೆರಳಾಗ ಬೆಳ್ಳಿ ಇರ್ಲಿಲ್ಲೇನಕ್ಕ? ಅದು ಹಿಡ್ಕೊಂಡು ನಿಲ್ಲಿಸ್ತೇನು?"

ಆ ಮಾತು ಆ ಮುದುಕಿಗೆ ನಾಟಿತು, ದೊಡ್ಡವ್ವನಿಗೂ ನಾಟಿತು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನಗೆ ಅದನ್ನು ಇವತ್ತಿಗೂ ಆಡಿ ತೋರಿಸಲು ಬರುವುದಿಲ್ಲ, ಆ ಅಳುವಿಗೆ ಎರಡು ದನಿ ಇರಲಿಲ್ಲ.

ಶಾಸ್ತ್ರದ ದಿನ ಹೆಂಗಸರು ಅವಳನ್ನು ಸುತ್ತುವರಿದರು. ಕಾಲುಂಗುರ ತೆಗೆಯಬೇಕು, ಬಳೆ ಒಡೆಯಬೇಕು. ಅವಳು ಎರಡೂ ಪಾದ ಮುಂದೆ ಚಾಚಿದಳು. "ಹುಡುಕ್ರವ್ವ. ನಿಮ್ಮ ಪಾಲಿಗೆ ಏನೂ ಉಳಿಸಿಲ್ಲ. ಅವ್ರೇ ತೆಗೆದು ಹೋಗ್ಯಾರ." ಯಾರೋ ಬಳೆಗೆ ಕೈ ಹಾಕಿದರು. ಕೈ ಹಿಂದಕ್ಕೆ ಎಳೆದುಕೊಂಡಳು. "ಇದು ಅಂಗಡಿ ಮಾಲು. ಒಡದ್ರ ರೊಕ್ಕ ಇಟ್ಟು ಒಡೀರಿ." ಬಾಗಿಲಲ್ಲಿ ನಿಂತ ನನಗೆ ನಗು ಉಕ್ಕಿತು, ತಡೆಯಲು ಹೋಗಿ ಕೆಮ್ಮು ಬಂತು, ಕೆಮ್ಮು ಥೇಟ್ ನಮ್ಮಪ್ಪನ ಹಾಗೇ ಬಂತು. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಬಳೆ ಒಡೆಯಲಿಲ್ಲ.

ಸೂತಕದ ಮನೆಯಲ್ಲಿ ಚಪ್ಪಲಿ ಹಾಕಬಾರದು ಎಂದರು. ಹಾಕಿದಳು. ಮರುದಿನ ಬೆಳಿಗ್ಗೆ ಅವಳ ಮನೆಯ ಕಡೆ ಹೋದರೆ ಬಚ್ಚಲಿನಲ್ಲಿ ನೀರಿನ ಸದ್ದು. ಅಳುತ್ತಲೇ ಕಾಲು ತೊಳೆಯುತ್ತಿದ್ದಳು. "ಅವ್ರು ಉಳಿಸಿಕೊಟ್ಟ ಬೆರಳಲೇ ಇವು" ಎಂದಳು, ಅಷ್ಟೇ ಹೇಳಿದಳು.

ಅಂಗಡಿ ಮುಚ್ಚುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ. ಮುಚ್ಚಲಿಲ್ಲ. ಯಾರೂ ಎಣಿಸದ ಗಿರಾಕಿಗಳು ಬಂದರು. ಗಂಡ ಸತ್ತ ಮೇಲೆ ಬಳೆ ಅಂಗಡಿಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಹೆಂಗಸರು. ಅವಳ ಕೈಯಲ್ಲಿ ಗಾಜಿನ ಬಳೆ ನೋಡಿ, ಮೊದಲು ಹಿಂದಿನ ಬಾಗಿಲಿಂದ ಬಂದರು, ಆಮೇಲೆ ಮುಂದಿನ ಬಾಗಿಲಿಂದ. ಅವರ ಹಿಂದೆ ಸಕ್ಕರೆ ಕಾಯಿಲೆಯವರು. ದೊಡ್ಡವ್ವ ಎಲ್ಲರಿಗೂ ಬಳೆಗಿಂತ ಮೊದಲು ಕಾಲು ತೋರಿಸಲು ಹೇಳುತ್ತಿದ್ದಳು. ಅಂಗಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಂಡು ಬಂದವಳಿಗೆ ಬೈಗುಳ, ಉಗುರನ್ನು ಮೂಲೆಗೆ ಕೊರೆದುಕೊಂಡವಳಿಗೆ ಬೈಗುಳ, ಕಾಲು ಜೋಮು ಹಿಡಿದಿದೆ ಎಂದು ಕೆಂಡದ ಮುಂದೆ ಕಾಯಿಸಿಕೊಂಡವಳಿಗಂತೂ ತಗಡಿನ ಗೋಡೆ ನಡುಗುವಷ್ಟು. ಗಾಯ ಕಂಡರೆ ತಾನು ಮದ್ದು ಹೇಳುತ್ತಿರಲಿಲ್ಲ, ಅಲ್ಲಿಂದಲೇ ಎಬ್ಬಿಸಿ ಡಾಕ್ಟರಮ್ಮನ ಹತ್ತಿರ ಅಟ್ಟುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಪಕ್ಕದ ಶಟರ್ ಎದ್ದಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಮೈ ತೊಳೆಸಿದ ಹೆಂಗಸರಲ್ಲಿ ನಮ್ಮವ್ವನೂ ಇದ್ದಳು. ಹೊರಗೆ ಬಂದು, ಯಾರೂ ಕೇಳದಿದ್ದರೂ, "ಹತ್ತೂ ಬೆರಳು ಅದಾವ" ಎಂದಳು. ಕೈ ತುಂಬ ಬಳೆ ಇಟ್ಟೇ ಕಳಿಸಿದರು. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಸತ್ತ ಮೇಲೂ ಎದ್ದು ಬೈದಾಳು ಎಂಬ ಹೆದರಿಕೆ.

ಈಗ ಆ ಜಾಗದಲ್ಲಿ ಜೆರಾಕ್ಸ್ ಅಂಗಡಿ. ಓಣಿ ಸಪ್ಪೆಯಾಗಿದೆ. ಸುಮ್ಮನೆ ಹೇಳುವುದಲ್ಲ, ನನ್ನನ್ನು ಬೈಯುವವರೇ ಇಲ್ಲ, ನಾನು ಯಾರನ್ನು ಆಡಿಕೊಂಡರೂ ಎಲ್ಲರೂ ನಗುತ್ತಾರೆ, ಅಷ್ಟೇ. ಹಗರಿಬೊಮ್ಮನಹಳ್ಳಿಯಿಂದ ಬಂದು ನಿನ್ನೆ ಅಂಗಡಿ ತೆಗೆದಾಗ ಒಬ್ಬಾಕೆ ಜೆರಾಕ್ಸ್ ಯಂತ್ರದ ಮುಂದೆ ದಿಕ್ಕು ತಪ್ಪಿ ನಿಂತಿದ್ದಳು. ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದಿದ್ದಳಂತೆ. ಕಾಲಿಗೆ ಬಟ್ಟೆ ಸುತ್ತಿದ್ದಳು.

"ಇಲ್ಲಿ ಬಳಿ ಅಂಗಡ್ಯಾಕಿ ಇದ್ಲಲ್ಲಪ್ಪ, ಕಾಲು ನೋಡ್ತಾಳಂತ, ಎಲ್ಲಿ ಅದಾಳ?"

ದೊಡ್ಡವ್ವನ ದನಿ ಗಂಟಲಿನ ತನಕ ಬಂದಿತ್ತು. ಹೊರಗೆ ಬಿಡಲಿಲ್ಲ. "ಇಲ್ರಿ ಅವ್ವಾರ. ತೀರ್ಕೊಂಡ್ಲು" ಎಂದೆ. ವರ್ಷವಾಗುತ್ತ ಬಂದರೂ ಆ ಮಾತನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದ್ದು ಅದೇ ಮೊದಲು. ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ.

ಸ್ಟೂಲು ಹಾಕಿ ಕೂರಿಸಿ ಬಟ್ಟೆ ಬಿಚ್ಚಿಸಿದೆ. ಬೆರಳು ಊದಿತ್ತು, ಉಂಗುರ ಕಾಣಿಸದಷ್ಟು. ಶಟರ್ ಎಳೆದು ಆಟೋ ಕರೆದೆ. ಆಕೆ ಏಳಲಿಲ್ಲ. ಎರಡೂ ಕೈಯಿಂದ ಬೆರಳನ್ನು ಮುಚ್ಚಿಕೊಂಡಳು.

"ಡಾಕ್ಟರ್ ಉಂಗ್ರ ತಗೀತಾರೇನಪ್ಪ? ನಮ್ಮ ಯಜಮಾನ್ರು ಅದಾರ."

"ಇರ್ಲಿ ಬಿಡ್ರಿ, ನೂರು ವರ್ಷ ಇರ್ಲಿ" ಎಂದೆ. "ನೀವೂ ಇರ್ಬೇಕಲ್ರಿ. ಏಳ್ರಿ."